ತಿಪಟೂರು ಸೀಮೆಯ ಕೊಬ್ಬರಿ ವ್ಯಾಪಾರವೂ ಗ್ರಾಮಜೀವನದ ಆರ್ಥಿಕ ತಾರತಮ್ಯವೂ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಪ್ರದೇಶವನ್ನು ಕಲ್ಪತರು ನಾಡೆಂದು ಕರೆಯುವುದು ರೂಢಿಯಾಗಿದೆ. ಬೇಡಿದ್ದನ್ನು ಕೊಡುವ ದೇವವೃಕ್ಷದ ಹೆಸರು ತೆಂಗಿಗೆ ಸಂದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆ ವೃಕ್ಷವು ಯಾರಿಗೆ ಎಷ್ಟನ್ನು ಕೊಟ್ಟಿತು, ಯಾವ ಕಾಲಕ್ಕೆ ಕೊಟ್ಟಿತು ಎಂಬ ಪ್ರಶ್ನೆಯನ್ನು ಎತ್ತಿದೊಡನೆಯೇ ಆ ಬಿರುದಿನ ಹೊಳಪು ಸ್ವಲ್ಪ ಮಾಸುತ್ತದೆ. ಪ್ರಕೃತ ಲೇಖನದಲ್ಲಿ ನಾವು 1800ರ ಸುಮಾರಿನಿಂದ ಸ್ವಾತಂತ್ರ್ಯಪ್ರಾಪ್ತಿಯವರೆಗಿನ ಅವಧಿಯನ್ನು ಮುಖ್ಯವಾಗಿ ಇಟ್ಟುಕೊಂಡು ಈ ಸೀಮೆಯ ಕೊಬ್ಬರಿ ವ್ಯಾಪಾರವನ್ನು ಪರಿಶೀಲಿಸಿದ್ದೇವೆ. ಇಲ್ಲಿ ಬೆಳೆದ ತಾರತಮ್ಯವು ಕೇವಲ ಭೂಮಿಯ ಹಂಚಿಕೆಯಿಂದ ಹುಟ್ಟಿದುದಲ್ಲ; ಫಲ ಕೈಗೆ ಬಂದ ಮೇಲೆಯೂ ಒಂದು ವರ್ಷ ಕಾದು ಕುಳಿತುಕೊಳ್ಳಬಲ್ಲವನಿಗೂ ಹಾಗೆ ಕಾಯಲಾರದವನಿಗೂ ನಡುವೆ ಇದ್ದ ಅಂತರವೇ ಅದರ ಮೂಲವೆಂಬುದು ನಮ್ಮ ಅಭಿಪ್ರಾಯ.

ಆರಂಭದಲ್ಲಿಯೇ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಮೈಸೂರು ದೇಶೀಯ ಸಂಸ್ಥಾನವಾಗಿತ್ತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ಸೀಮೆಯಲ್ಲಿದ್ದಂತೆ ಇಲ್ಲಿ ಐರೋಪ್ಯ ಪ್ಲಾಂಟರುಗಳ ತೋಟಗಳಿರಲಿಲ್ಲ. ಇಲ್ಲಿಯ ಕೊಬ್ಬರಿ ಸಿಂಹಳ, ಫಿಲಿಪೈನ್ಸ್ ದ್ವೀಪಗಳ ಕೊಬ್ಬರಿಯಂತೆ ಯೂರೋಪಿನ ಸಾಬೂನು ಕಾರ್ಖಾನೆಗಳಿಗೆ ಹೋಗಲಿಲ್ಲ. ಹೀಗಿರಲಾಗಿ ಇದನ್ನು ವಸಾಹತುಕಾಲದ ವಾಣಿಜ್ಯಬೆಳೆಯ ಚರಿತ್ರೆಯೊಳಗೆ ಸೇರಿಸುವುದು ಯುಕ್ತವೇ ಎಂದು ಕೇಳಬಹುದು. ಯುಕ್ತವೆಂದೇ ನಮ್ಮ ಉತ್ತರ. 1831ರಿಂದ 1881ರವರೆಗೆ ಐವತ್ತು ವರ್ಷ ಈ ರಾಜ್ಯವನ್ನು ನೇರವಾಗಿ ಆಳಿದವರು ಬ್ರಿಟಿಷ್ ಕಮಿಷನರುಗಳು. 1799ರ ಒಪ್ಪಂದದಂತೆ ಮೈಸೂರು ವರ್ಷಂಪ್ರತಿ ಸಲ್ಲಿಸುತ್ತಿದ್ದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. 1896ರಿಂದ ಅದು 35 ಲಕ್ಷಕ್ಕೆ ಏರಿತು, 1928ರವರೆಗೂ ಇಳಿಯಲಿಲ್ಲ. ಈ ಹಣವು ಕಡೆಗೆ ಹೊರಡುತ್ತಿದ್ದುದು ರೈತನ ಕಂದಾಯದಿಂದ. ಕಂದಾಯದ ರೀತಿ, ರೈಲಿನ ದಾರಿ, ಪೇಟೆಯ ಬೆಲೆ ಈ ಮೂರನ್ನೂ ನಿರ್ಣಯಿಸಿದ ಶಕ್ತಿ ಹಳ್ಳಿಯ ಹೊರಗಿತ್ತು. ಬಿಳಿಯ ಯಜಮಾನನ ಮುಖವನ್ನು ಎಂದೂ ಕಾಣದ ಹಳ್ಳಿಯಲ್ಲಿಯೂ ವಸಾಹತು ಆರ್ಥಿಕತೆ ಹೇಗೆ ಕೆಲಸಮಾಡಿತೆಂಬುದಕ್ಕೆ ಈ ಸೀಮೆ ಒಳ್ಳೆಯ ನಿದರ್ಶನ.

ವಿಷಯ ತಿಳಿಯಬೇಕಾದರೆ ಮೊದಲು ಬೆಳೆಯ ಸ್ವಭಾವವನ್ನು ತಿಳಿಯಬೇಕು. ನಾಟಿ ತೆಂಗಿನ ಸಸಿ ನೆಟ್ಟು ಎಂಟು ಹತ್ತು ವರ್ಷಗಳಾದ ಮೇಲೆ ಫಲ ಕಾಣುತ್ತದೆ. ಹೊಂಬಾಳೆ ಒಡೆದ ಬಳಿಕ ಕಾಯಿ ಬಲಿಯಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಕರಾವಳಿಯಲ್ಲಿ ಕಾಯಿಯನ್ನು ಒಡೆದು ಹೋಳುಗಳನ್ನು ಬಿಸಿಲಿಗೋ ಹೊಗೆಗೋ ಹಾಕಿದರೆ ಕೆಲವೇ ದಿನಗಳಲ್ಲಿ ಗಾಣಕ್ಕೆ ಹೋಗುವ ಕೊಬ್ಬರಿ ಸಿದ್ಧ. ತಿಪಟೂರಿನ ಉಂಡೆ ಕೊಬ್ಬರಿಯ ಮಾತು ಬೇರೆ. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಹಾಗೆಯೇ ಮನೆಯ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೊಂದು ತಿಂಗಳು ಅಲ್ಲಿಯೇ ಬಿಡುತ್ತಾರೆ. ಕೆಳಗಿನ ಒಲೆಯ ಹೊಗೆ ಅದಕ್ಕೆ ಸಹಾಯವೇ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಸದ್ದು ಬರುತ್ತದೆ. ಅನಂತರ ಸುಲಿದು, ಉಂಡೆಗೆ ಪೆಟ್ಟಾಗದಂತೆ ಚಿಪ್ಪನ್ನು ಒಡೆದು ತೆಗೆಯುತ್ತಾರೆ. ಕರಾವಳಿಯ ತೇವದ ಹವೆಯಲ್ಲಿ ಇದು ಸುಲಭಸಾಧ್ಯವಲ್ಲ; ಒಣ ಹವೆಯ ಮೈದಾನಸೀಮೆಗೆ ಪ್ರಕೃತಿ ಕೊಟ್ಟ ಅನುಕೂಲವಿದು. ಎಣ್ಣೆಗಲ್ಲದೆ ತಿನ್ನುವುದಕ್ಕೂ ಶುಭಕಾರ್ಯಗಳಿಗೂ ಬಳಕೆಯಾಗುವ ಈ ಉಂಡೆಗೆ ಉತ್ತರ ಹಿಂದೂಸ್ಥಾನದಲ್ಲಿ ಬೇಡಿಕೆ ಹೆಚ್ಚು.

ಆದಕಾರಣ ಈ ಬೆಳೆಯಲ್ಲಿ ಕಾಲವೂ ಒಂದು ಬಂಡವಾಳ. ಹತ್ತು ವರ್ಷ ಮರಕ್ಕೆ, ಒಂದು ವರ್ಷ ಕಾಯಿಗೆ, ಮತ್ತೊಂದು ವರ್ಷ ಅಟ್ಟಕ್ಕೆ. ರಾಗಿ ಬೆಳೆದವನು ನಾಲ್ಕು ತಿಂಗಳಿಗೆ ತೆನೆ ಕೊಯ್ದು ಗುಡಾಣಕ್ಕೆ ತುಂಬುತ್ತಾನೆ. ಹಣ ಬಾರದಿದ್ದರೂ ಅವನಿಗೆ ಮುದ್ದೆ ಉಂಟು. ತೆಂಗಿನವನಿಗೆ ಹಾಗಲ್ಲ.

1800ರಲ್ಲಿ ಗವರ್ನರ್-ಜನರಲನ ಆಜ್ಞೆಯಂತೆ ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಖಾನನ್ ಈ ಭಾಗಕ್ಕೂ ಬಂದಿದ್ದನು. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಗುಬ್ಬಿಯ ಸಂತೆ, ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ತುರುವೇಕೆರೆಗಳ ತೋಟಗಾರಿಕೆಯ ವಿಷಯ ಸಾಕಷ್ಟು ದೊರೆಯುತ್ತದೆ. ಕೆಂಪು, ಹಸಿರು ಬೆರೆತ ಕೆಂಪು, ತಿಳಿಹಸಿರು, ಕಡುಹಸಿರು ಎಂದು ಕಾಯಿಯ ನಾಲ್ಕು ಜಾತಿಗಳನ್ನು ಅವನು ಗುರುತಿಸಿದನು. ಮುಂದೆ ರೈಸ್ ಅವರ ಗ್ಯಾಸೆಟಿಯರಿನಲ್ಲಿಯೂ ಈ ವಿವರಣೆ ಉಳಿದುಬಂದಿದೆ. ಅಂದರೆ ಇಲ್ಲಿಯ ತೆಂಗು ಇಂಗ್ಲಿಷರು ತಂದ ಬೆಳೆಯಲ್ಲ, ಕೊಬ್ಬರಿ ವ್ಯಾಪಾರವೂ ಅವರು ಹೂಡಿದುದಲ್ಲ. ಸಿಪ್ಪೆ, ಚಿಪ್ಪು, ನೀರು ಎಲ್ಲವನ್ನೂ ಕಳೆದುಕೊಂಡ ಕೊಬ್ಬರಿ ಹಗುರವಾದ, ಬೇಗ ಕೆಡದ ಸರಕು. ಗಾಡಿಯ ದಾರಿಯಿಲ್ಲದ ಕಾಲದಲ್ಲಿ ಹೇರೆತ್ತುಗಳ ಬೆನ್ನಮೇಲೆ ದೂರ ಸಾಗಿಸಲು ಅದಕ್ಕಿಂತ ಅನುಕೂಲವಾದುದು ಅಪೂರ್ವ. ಕೆರೆಯ ಹಿಂದೆ ತಗ್ಗಿನಲ್ಲಿದ್ದ ತೋಟ, ಮನೆಯ ಅಟ್ಟ, ವಾರದ ಸಂತೆ, ಬಣಜಿಗರ ಹೇರು ಇವು ಹಳೆಯ ವ್ಯವಸ್ಥೆಯ ನಾಲ್ಕು ಅಂಗಗಳು. ಆಗಲೂ ಉಳ್ಳವರಿದ್ದರು, ಇಲ್ಲದವರಿದ್ದರು. ಹಿಂದಿನದೆಲ್ಲವೂ ಸಮಾನತೆಯ ಸ್ವರ್ಗವಾಗಿತ್ತೆಂದು ಬರೆಯುವವರ ಪಂಕ್ತಿಯಲ್ಲಿ ನಾವು ಕುಳಿತುಕೊಳ್ಳಲಾರೆವು.

ಆದರೆ ಒಂದು ಭೇದವನ್ನು ಮರೆಯಬಾರದು. ಹಳೆಯ ಪದ್ಧತಿಯಲ್ಲಿ ತರಿ, ತೋಟಗಳ ರಾಜಾದಾಯವು ಬಹುಮಟ್ಟಿಗೆ ವಾರದ ಲೆಕ್ಕ, ಎಂದರೆ ಫಲದಲ್ಲಿ ಪಾಲು. ಫಲ ಕಡಮೆಯಾದರೆ ಸರ್ಕಾರದ ಪಾಲೂ ಕಡಮೆ. ಅಧಿಕಾರಿಗಳ ಸುಲಿಗೆಗೆ ಅದರಲ್ಲಿ ಬೇಕಾದಷ್ಟು ಅವಕಾಶವಿತ್ತೆಂಬುದು ದಿಟ. ಕಬ್ಬನ್ ಸಾಹೇಬರ ಕಾಲದಿಂದ (1834–1861) ವಾರವನ್ನು ನಗದಿಗೆ ತಿರುಗಿಸುವ ಕಾರ್ಯ ಮುಂದುವರಿಯಿತು. ನೂರಾರು ಬಗೆಯ ಚಿಲ್ಲರೆ ತೆರಿಗೆಗಳನ್ನು ಅವರು ತೆಗೆದುಹಾಕಿದರು. ರೈತನಿಗೆ ಇದರಿಂದ ಉಪಕಾರವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. 1863ರಲ್ಲಿ ಸರ್ವೆ ಮತ್ತು ಸೆಟಲ್‌ಮೆಂಟ್ ಇಲಾಖೆ ಸ್ಥಾಪನೆಯಾಗಿ, ಮುಂಬಯಿ ಪ್ರಾಂತದ ಕ್ರಮವನ್ನು ಅನುಸರಿಸಿ ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಸಾಮಾನ್ಯವಾಗಿ ಮೂವತ್ತು ವರ್ಷಗಳ ಮಟ್ಟಿಗೆ ಕಂದಾಯವನ್ನು ಗೊತ್ತುಮಾಡಲಾಯಿತು. ಬಾಗಾಯ್ತಿನ ದರ ಖುಷ್ಕಿಯ ದರಕ್ಕಿಂತ ಬಹಳ ಮೇಲೆ. ದರ ನ್ಯಾಯವೋ ಅಲ್ಲವೋ ಎಂಬ ಚರ್ಚೆಯನ್ನು ನಾವಿಲ್ಲಿ ಬೆಳೆಸುವುದಿಲ್ಲ. ನಮಗೆ ಮುಖ್ಯವಾದುದು ಗಡುವು. ಶಾನುಭೋಗರ ಲೆಕ್ಕದಲ್ಲಿ ಕಂದಾಯದ ಕಂತಿಗೆ ದಿನ ಗೊತ್ತಾಗಿತ್ತು. ಅಟ್ಟದ ಕಾಯಿಗೆ ಗೊತ್ತಾಗಿದ್ದ ದಿನ ಬೇರೆ. ಈ ಎರಡು ಪಂಚಾಂಗಗಳು ಕೂಡದೆ ಹೋದ ಸಂದಿನಲ್ಲಿಯೇ ಸಾಹುಕಾರನಿಗೆ ಸ್ಥಳ ಸಿಕ್ಕಿತು.

ಆ ಸಂದು ಎಷ್ಟು ಅಗಲವಾಗಬಹುದೆಂಬುದನ್ನು 1876–78ರ ಮಹಾಕ್ಷಾಮ ತೋರಿಸಿಕೊಟ್ಟಿತು. ಜನಜನಿತವಾಗಿ ಧಾತು ಈಶ್ವರದ ಬರವೆಂದು ಹೆಸರಾದ ಈ ಕ್ಷಾಮಕ್ಕೆ ಮುನ್ನ, 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಬರಗಾಲದಲ್ಲಿ ಖುಷ್ಕಿಯ ರೈತನು ಒಂದು ಬೆಳೆಯನ್ನು ಕಳೆದುಕೊಂಡರೆ ಮಳೆ ಬಂದ ವರ್ಷ ಮತ್ತೆ ಬಿತ್ತುತ್ತಾನೆ. ಸುಳಿ ಒಣಗಿ ಸತ್ತ ತೆಂಗು ಮರಳಿ ಬರುವುದಿಲ್ಲ. ಸಸಿ ನೆಟ್ಟು ಇನ್ನೊಂದು ದಶಕ ಕಾಯಬೇಕು. ಆ ದಶಕದುದ್ದಕ್ಕೂ ಹೊಟ್ಟೆಗೂ ಕಂದಾಯಕ್ಕೂ ಬೇರೆ ದಾರಿಯುಳ್ಳವರು ಮಾತ್ರ ತೋಟವನ್ನು ಮತ್ತೆ ಎಬ್ಬಿಸಬಲ್ಲರು. ಕ್ಷಾಮ ಎಲ್ಲರಿಗೂ ಬಂದಿತಾದರೂ ಎಲ್ಲರಿಂದಲೂ ಒಂದೇ ಸಮನಾಗಿ ಕಸಿದುಕೊಳ್ಳಲಿಲ್ಲ.

ಕ್ಷಾಮದ ಬೆನ್ನಿಗೇ ರೈಲು ಬಂದಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಹಳಿ ತಲಪಿತು. 1886ರಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪೆನಿಗೆ ವಹಿಸಲಾಯಿತು. 1889ರ ಹೊತ್ತಿಗೆ ಅದು ತಿಪಟೂರು, ಅರಸೀಕೆರೆ, ಬೀರೂರುಗಳನ್ನು ಹಾದು ಹರಿಹರವನ್ನು ಮುಟ್ಟಿ, ಆ ಮೂಲಕ ಹುಬ್ಬಳ್ಳಿ, ಪುಣೆ, ಮುಂಬಯಿಗಳ ಸಂಪರ್ಕವನ್ನು ಪಡೆಯಿತು. ಇದರ ಪರಿಣಾಮವನ್ನು ನಕ್ಷೆಯ ಮೇಲೆಯೇ ಓದಬಹುದು. ಹಿಂದೆ ತಾಲ್ಲೂಕಿನ ಮುಖ್ಯಸ್ಥಳ ಹೊನ್ನವಳ್ಳಿ. ತಾಲ್ಲೂಕಿನ ಹೆಸರೂ ಅದೇ. ರೈಲು ಬಂದ ಕಾಲದಲ್ಲಿ ಕಚೇರಿ ತಿಪಟೂರಿಗೆ ಬಂದಿತು, ತಾಲ್ಲೂಕೂ ಆ ಹೆಸರನ್ನೇ ಪಡೆಯಿತು. ಹಳೆಯ ಊರಿಗೆ ಉಳಿದುದು ‘ಹೊನ್ನವಳ್ಳಿ ರೋಡ್’ ಎಂಬ ಒಂದು ಸಣ್ಣ ನಿಲ್ದಾಣದ ಹಲಗೆ. ಚಿಕ್ಕನಾಯಕನಹಳ್ಳಿಯಂತಹ ಪ್ರಾಚೀನ ವರ್ತಕ ಪಟ್ಟಣವೂ ತುರುವೇಕೆರೆಯೂ ಹಳಿಯಿಂದ ದೂರವೇ ಉಳಿದವು. ತುರುವೇಕೆರೆಯವರು ಬಾಣಸಂದ್ರಕ್ಕೋ ತಿಪಟೂರಿಗೋ ಗಾಡಿ ಹೂಡಬೇಕಾಯಿತು. ಸುತ್ತಣ ಸಂತೆಗಳಲ್ಲಿ ಚೆದರಿದ್ದ ಕೊಬ್ಬರಿ ಕ್ರಮೇಣ ತಿಪಟೂರಿನ ಮಂಡಿಗಳಲ್ಲಿ ಒಂದೆಡೆ ಸೇರತೊಡಗಿತು.

ರೈಲಿನಿಂದ ಬೆಳೆಗಾರನಿಗೆ ದೂರದ ಗಿರಾಕಿ ಹತ್ತಿರವಾದನೆಂದು ಸಾಮಾನ್ಯವಾಗಿ ಹೇಳುವುದುಂಟು. ವಾಸ್ತವದಲ್ಲಿ ಹತ್ತಿರವಾದವನು ಗಿರಾಕಿಯಲ್ಲ, ಗಿರಾಕಿಯ ಪರವಾಗಿ ಕೊಳ್ಳುವ ಮಂಡಿಯವನು. ಮುಂಬಯಿ, ದೆಹಲಿಗಳ ಧಾರಣೆ ತಂತಿಯ ಮೂಲಕ ಮೊದಲು ಮುಟ್ಟುತ್ತಿದ್ದುದು ಪೇಟೆಗೆ. ಗಾಡಿಯಲ್ಲಿ ಮೂಟೆ ಹೇರಿಕೊಂಡು ಬಂದ ರೈತನಿಗೆ ಹೋದ ವಾರ ಯಾರೋ ಹೇಳಿದ ಬೆಲೆಯೇ ಗತಿ. ಮಣದ ತೂಕ ಊರಿಂದ ಊರಿಗೆ ಬೇರೆ. ಆ ಕಾಲದ ನಿಯಂತ್ರಣವಿಲ್ಲದ ಪೇಟೆಗಳಲ್ಲಿ ದಲ್ಲಾಳಿ, ಹಮಾಲಿ, ತೂಕದ ಕೂಲಿ, ಧರ್ಮದ ಬಾಬತ್ತು, ಮಾದರಿಯೆಂದು ತೆಗೆದ ಹಿಡಿ ಹೀಗೆ ಮಾರುವವನ ಲೆಕ್ಕದಿಂದ ಹರಿದುಹೋಗುತ್ತಿದ್ದ ಚೂರುಗಳು ಎಷ್ಟೋ; ಭಾರತದ ಇಂತಹ ಪೇಟೆಗಳ ಅಕ್ರಮಗಳನ್ನು 1928ರ ರಾಯಲ್ ಕೃಷಿ ಆಯೋಗವು ವಿಸ್ತಾರವಾಗಿ ದಾಖಲೆ ಮಾಡಿದೆ. ಅದಕ್ಕಿಂತಲೂ ಬಲವಾದ ಬಂಧನ ಮುಂಗಡದ್ದು. ಮದುವೆಗೋ ಕಂದಾಯಕ್ಕೋ ಎತ್ತು ಕೊಳ್ಳುವುದಕ್ಕೋ ಮಂಡಿಯಲ್ಲಿ ಹಣ ತಂದವನು ಕೊಬ್ಬರಿಯನ್ನು ಅದೇ ಮಂಡಿಗೆ ಹಾಕಬೇಕು. ಸಾಲ ಕೊಟ್ಟವನೂ ಸರಕು ಕೊಳ್ಳುವವನೂ ಬೆಲೆ ಹೇಳುವವನೂ ಒಬ್ಬನೇ ಆದಾಗ ಪೇಟೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಇದನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. ಒಬ್ಬನಿಗೆ 20 ಮರ, ಇನ್ನೊಬ್ಬನಿಗೆ 400 ಮರ. ಮರವೊಂದಕ್ಕೆ ವರ್ಷಕ್ಕೆ 40 ಕಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯವನಿಗೆ 800 ಕಾಯಿ, ಎರಡನೆಯವನಿಗೆ 16,000. ಅಂತರ ಇಪ್ಪತ್ತರಷ್ಟು. ಮೊದಲನೆಯವನು ಕಂತು ಕಟ್ಟಲು, ಬೇಸಗೆಯಲ್ಲಿ ರಾಗಿ ಕೊಳ್ಳಲು 800ನ್ನೂ ಹಸಿಗಾಯಿಯಾಗಿಯೇ ಮಾರಿಬಿಡುತ್ತಾನೆ. ಎರಡನೆಯವನು ವೆಚ್ಚಕ್ಕೆ 3,000 ಮಾರಿ, ಉಳಿದ 13,000ವನ್ನು ಅಟ್ಟಕ್ಕೇರಿಸಿ, ಹಬ್ಬದ ಕಾಲಕ್ಕೆ ಉತ್ತರದಿಂದ ಬೇಡಿಕೆ ಏರಿದಾಗ ಉಂಡೆಯಾಗಿ ಮಾರುತ್ತಾನೆ. ಕೈ ಬಲವಾಗಿದ್ದರೆ ಮೊದಲನೆಯವನ 800ನ್ನೂ ತಾನೇ ಕೊಂಡು ಅದೇ ಅಟ್ಟಕ್ಕೆ ಸೇರಿಸುತ್ತಾನೆ. ಮರದ ಲೆಕ್ಕದಲ್ಲಿ ಇಪ್ಪತ್ತರಷ್ಟಿದ್ದ ಅಂತರ ಹಣದ ಲೆಕ್ಕದಲ್ಲಿ ಇಪ್ಪತ್ತನ್ನು ಮೀರುತ್ತದೆ, ವರ್ಷ ವರ್ಷವೂ ಮೀರುತ್ತ ಹೋಗುತ್ತದೆ. ಇಲ್ಲಿ ಮೋಸದ ತಕ್ಕಡಿಯಾಗಲಿ ದುಷ್ಟ ಸಾಹುಕಾರನಾಗಲಿ ಇರಲೇಬೇಕೆಂದಿಲ್ಲ. ತಕ್ಕಡಿ ಸರಿಯಾಗಿದ್ದರೂ ಫಲ ಇದೇ. ಗ್ರಾಮೀಣ ಸಾಲದ ಚರಿತ್ರೆಯನ್ನು ಕೇವಲ ವ್ಯಕ್ತಿಗಳ ದುರಾಶೆಯ ಕಥೆಯಾಗಿ ಹೇಳುವವರು ಈ ಅಂಶವನ್ನು ಗಮನಿಸಬೇಕು.

ಹಸಿಗಾಯಿಯ ಮಾರಾಟದಿಂದ ಮುಂದಿನ ಮೆಟ್ಟಿಲು ಫಲಗುತ್ತಿಗೆ. ಕಾಯಿ ಮರದಲ್ಲಿರುವಾಗಲೇ ಒಂದು ವರ್ಷದ ಅಥವಾ ಕೆಲವು ವರ್ಷಗಳ ಫಲವನ್ನು ಒಂದು ಮೊತ್ತಕ್ಕೆ ಒಪ್ಪಿಸುವುದು. ಅದರ ಮುಂದಿನದು ಭೋಗ್ಯ. ಸಾಲ ತೀರುವವರೆಗೆ ತೋಟದ ಅನುಭವ ಸಾಲ ಕೊಟ್ಟವನದು. ಬಡ್ಡಿಗೆ ಬದಲಾಗಿ ಫಲ. ಖಾತೆ ರೈತನ ಹೆಸರಿನಲ್ಲಿ, ಕಾಯಿ ಸಾಹುಕಾರನ ಅಟ್ಟದಲ್ಲಿ. ಫಲವೆಲ್ಲ ಬಡ್ಡಿಗೇ ಸರಿಹೋದ ಮೇಲೆ ಅಸಲು ತೀರಿಸಲು ಬೇರೆ ಆದಾಯವೆಲ್ಲಿಂದ ಬರಬೇಕು? ಸರ್ವೆಯ ಫಲವಾಗಿ ಜಮೀನಿಗೆ ನಂಬರು, ಎಲ್ಲೆ, ದಾಖಲೆಗಳು ಖಚಿತವಾದುದು ರೈತನ ಹಕ್ಕಿಗೆ ಭದ್ರತೆಯನ್ನು ತಂದಿತಷ್ಟೆ. ಅದೇ ಭದ್ರತೆ ಆ ಜಮೀನನ್ನು ಒಳ್ಳೆಯ ಅಡವಿನ ವಸ್ತುವನ್ನಾಗಿಯೂ ಮಾಡಿತು. ಮಾರಲು ಬಾರದ ಹೊಲದ ಮೇಲೆ ಯಾರೂ ಹೆಚ್ಚು ಸಾಲ ಕೊಡುವುದಿಲ್ಲ. ಆದುದರಿಂದ ತೋಟವೆಂಬುದು ಹಿಡುವಳಿಗಳ ಪೈಕಿ ಅತ್ಯಂತ ಬೆಲೆಬಾಳುವುದೂ ಅತ್ಯಂತ ಅಪಾಯಕ್ಕೆ ಒಡ್ಡಿಕೊಂಡುದೂ ಆಗಿ ಪರಿಣಮಿಸಿತು.

ಇದುವರೆಗೆ ಹೇಳಿದುದು ಮರವುಳ್ಳವರ ಮಾತು. ಮರವೇ ಇಲ್ಲದವರ ಸಂಖ್ಯೆ ಸಣ್ಣದಲ್ಲ. ಕಾಯಿ ಕೆಡಹುವವರು, ಸುಲಿಯುವವರು, ಚಿಪ್ಪು ಒಡೆಯುವ ಹೆಂಗಸರು, ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ ಬಡಿದು ನಾರು ತೆಗೆದು ಹಗ್ಗ ಹೊಸೆಯುವವರು, ಇವರ ಶ್ರಮವಿಲ್ಲದೆ ಒಂದು ಉಂಡೆಯೂ ಪೇಟೆಯನ್ನು ಮುಟ್ಟುತ್ತಿರಲಿಲ್ಲ. ಇವರಲ್ಲಿ ಬಹುಮಂದಿ ಊರ ಹೊರಗಣ ಕೇರಿಯವರು. ಹಲವರು ಜೀತಕ್ಕೆ ಸಿಕ್ಕಿದ್ದವರು. ಅಟ್ಟ ಕಟ್ಟಲು ಗಟ್ಟಿ ಗೋಡೆ, ಗಟ್ಟಿ ತೊಲೆಗಳ ಮನೆ ಬೇಕು. ಸೋಗೆ ಹೊದಿಸಿದ ಗುಡಿಸಿಲಿನಲ್ಲಿ ಅದು ಸಾಧ್ಯವಿಲ್ಲ. ಕೂಲಿಯ ರೂಪದಲ್ಲಿ ನಾಲ್ಕು ಕಾಯಿ ದೊರೆತರೂ ಅವು ಅಂದೇ ಸಾರಿಗೆ ಹೋಗಬೇಕು, ಇಲ್ಲವೆ ಅಂಗಡಿಗೆ. ಈ ಸೀಮೆಯ ಮನೆಗಳನ್ನು ನೋಡುವ ಇತಿಹಾಸದ ವಿದ್ಯಾರ್ಥಿಯು ಚಾವಣಿಯನ್ನು ನೋಡುವುದು ಕಲಿಯಬೇಕೆಂದು ನಾವು ತರಗತಿಗಳಲ್ಲಿ ಹೇಳುವುದುಂಟು. ಮನೆಯವರ ಸ್ಥಿತಿಗತಿಯನ್ನು ಅದು ಪಹಣಿಗಿಂತ ಚೆನ್ನಾಗಿ ಹೇಳುತ್ತದೆ.

ಚಿಕ್ಕನಾಯಕನಹಳ್ಳಿಯ ಕಡೆಯ ಕಾಡುಗೊಲ್ಲರ ಹಟ್ಟಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕುರಿ, ದನ ಸಾಕಿ ಬದುಕಿದ ಈ ಜನರು ಬೇಸಾಯಗಾರರ ಹೊಲ ತೋಟಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುತ್ತಿದ್ದರು, ಪ್ರತಿಯಾಗಿ ಧಾನ್ಯ ಪಡೆಯುತ್ತಿದ್ದರು. ತಗ್ಗಿನ ಕೆರೆಬಯಲಿನಲ್ಲಿಯೇ ನಿಂತಿದ್ದ ತೆಂಗು ಇಪ್ಪತ್ತನೆಯ ಶತಮಾನದಲ್ಲಿ ಬಾವಿಗಳ ನೆರವಿನಿಂದ ಎತ್ತರದ ಖುಷ್ಕಿಗೂ ಹಬ್ಬಿತು. ಬೇಲಿ ಬಂದ ಕಡೆ ಮಂದೆಗೆ ದಾರಿಯಿಲ್ಲ. ತೋಟಕ್ಕೆ ಗೊಬ್ಬರ ಕೊಟ್ಟವರೇ ತೋಟದ ವಿಸ್ತಾರದಿಂದ ಹುಲ್ಲುಗಾವಲನ್ನು ಕಳೆದುಕೊಂಡರು. ಕೊಬ್ಬರಿಯ ಧಾರಣೆ ಏರಿದುದು ಅವರ ಪಾಲಿಗೆ ಲಾಭವಾಗದೆ ನಷ್ಟವಾದುದು ಹೀಗೆ.

1929ರ ಜಾಗತಿಕ ಆರ್ಥಿಕ ಕುಸಿತದಲ್ಲಿ ಭಾರತದ ಕೃಷಿ ಪದಾರ್ಥಗಳ ಬೆಲೆ ಎರಡು ಮೂರು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಸಿಂಹಳದ ಅಗ್ಗದ ಕೊಬ್ಬರಿಯೂ ಎಣ್ಣೆಯೂ ಬಂದು ಮಲಬಾರಿನ ಪೇಟೆಯನ್ನು ಒತ್ತಿದವು. ತಿಪಟೂರಿನ ಉಂಡೆಯ ಗಿರಾಕಿ ಬೇರೆಯಾದರೂ ತೆಂಗಿನ ಪೇಟೆಗಳ ನಡುವೆ ಪೂರ್ಣ ಗೋಡೆಯೇನೂ ಇರುವುದಿಲ್ಲ. ಬೆಲೆ ಇಳಿಯಿತು, ಕಂದಾಯ ಇಳಿಯಲಿಲ್ಲ, ಪತ್ರದಲ್ಲಿ ಬರೆದ ಸಾಲದ ಅಂಕಿಯೂ ಇಳಿಯಲಿಲ್ಲ. ನೂರು ರೂಪಾಯಿ ಸಾಲ ತೀರಿಸಲು ಹಿಂದೆ ಬೇಕಾಗಿದ್ದ ಕೊಬ್ಬರಿಯ ಎರಡರಷ್ಟನ್ನು ಈಗ ತೂಗಬೇಕಾಯಿತು. ಆಶ್ಚರ್ಯವೆಂದರೆ ಈ ಘಟ್ಟದಲ್ಲಿ ಕಾಯಬಲ್ಲವನೂ ಕಾದು ಕೆಟ್ಟನು: ಅಟ್ಟದಲ್ಲಿ ಕಾಯಿ ಒಣಗುತ್ತಿದ್ದಂತೆ ಧಾರಣೆಯೂ ಒಣಗಿತು. ಆದರೆ ಅವನು ಕೆಟ್ಟುದು ಲಾಭದಲ್ಲಿ, ಬಡವನು ಕೆಟ್ಟುದು ಭೂಮಿಯಲ್ಲಿ.

ಸಂಸ್ಥಾನದ ಸರ್ಕಾರ ಕೈಕಟ್ಟಿ ಕುಳಿತಿತ್ತೆಂದು ಹೇಳುವುದು ಅನ್ಯಾಯವಾದೀತು. ಸಹಕಾರ ಸಂಘಗಳ ರೆಗ್ಯುಲೇಷನ್ 1905ರಲ್ಲಿಯೇ ಬಂದಿತು. 1928ರ ಮೈಸೂರು ವ್ಯವಸಾಯಗಾರರ ಪರಿಹಾರ ಶಾಸನವು ಸಾಲಪತ್ರದ ಹಿಂದಿನ ನಿಜವಾದ ವ್ಯವಹಾರವನ್ನು ನ್ಯಾಯಾಲಯ ಕೆದಕಿ ನೋಡಲು ಅವಕಾಶ ಕೊಟ್ಟಿತು. 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆಯಾಯಿತು, ಸ್ವಾತಂತ್ರ್ಯ ಬಂದ ಸುಮಾರಿಗೆ ತಿಪಟೂರಿನಲ್ಲಿ ನಿಯಂತ್ರಿತ ಮಾರುಕಟ್ಟೆ ಏರ್ಪಟ್ಟಿತು. ಅಖಿಲ ಭಾರತ ಮಟ್ಟದಲ್ಲಿ 1944ರ ಕಾಯಿದೆಯಂತೆ ಮರುವರ್ಷ ಇಂಡಿಯನ್ ಕೋಕನಟ್ ಕಮಿಟಿ ಕಾರ್ಯಾರಂಭ ಮಾಡಿತು. ಆದರೆ ಇವೆಲ್ಲದರ ಪ್ರಯೋಜನ ಪಡೆಯಲು ಮೊದಲು ರೈತನ ಬಳಿ ಪೇಟೆಗೆ ತರುವ ಕೊಬ್ಬರಿ ಇರಬೇಕು. ಸಂಘದಿಂದ ಸಾಲ ಪಡೆಯಲು ತೋರಿಸಲು ಜಮೀನಿರಬೇಕು. 1881ರಲ್ಲಿ 144 ಮಂದಿ ಸದಸ್ಯರೊಡನೆ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂರುತ್ತಿದ್ದವರೂ ಭೂಮಾಲೀಕರು, ವರ್ತಕರು. ತಕ್ಕಡಿಯನ್ನು ತಿದ್ದುವುದು ಅವರಿಗೆ ಒಪ್ಪಿಗೆಯಾದೀತು. ಹಸಿಗಾಯಿ ಮಾರಬೇಕಾದ ಅವಸರವನ್ನು ತಪ್ಪಿಸುವ ಏರ್ಪಾಡು, ಎಂದರೆ ಅಟ್ಟವಿಲ್ಲದವನ ಕಾಯಿಯನ್ನು ಸಾಮೂಹಿಕ ಉಗ್ರಾಣದಲ್ಲಿಟ್ಟು ಅದರ ಮೇಲೆ ಮುಂಗಡ ಕೊಡುವ ಕ್ರಮ, ದೊಡ್ಡ ಪ್ರಮಾಣದಲ್ಲಿ ಬೇರೂರಲೇ ಇಲ್ಲ.

1966ರ ಮಾರುಕಟ್ಟೆ ಕಾಯಿದೆ, 1974ರ ಭೂಸುಧಾರಣೆಯ ತಿದ್ದುಪಡಿ, 1976ರ ಜೀತ ನಿರ್ಮೂಲನ ಕಾಯಿದೆ ಇವುಗಳಿಂದಾದ ಬದಲಾವಣೆಗಳು ಪ್ರತ್ಯೇಕ ಲೇಖನಕ್ಕೆ ವಸ್ತುವಾಗತಕ್ಕವು. ಇಲ್ಲಿ ಒಂದೇ ಸಂಗತಿಯನ್ನು ಸೇರಿಸುತ್ತೇವೆ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಆ ವರ್ಷ ತಿಪಟೂರಿನ ಪೇಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದು, ಬೆಳೆಗಾರರು ಬೀದಿಗಿಳಿದು ಚಳವಳಿ ಹೂಡಿದರು. ನಾಫೆಡ್ ಖರೀದಿ ನಡೆಯಿತು. ಖರೀದಿ ಕೇಂದ್ರದ ತಕ್ಕಡಿಗೆ ಬಂದುದು ಅಟ್ಟದಿಂದ ಇಳಿದ ಉಂಡೆ. ಮರದಲ್ಲಿರುವಾಗಲೇ ಫಲವನ್ನು ಗುತ್ತಿಗೆಗೆ ಕೊಟ್ಟಿದ್ದವರಿಗೆ, ಕಾಯಿಯನ್ನು ಹಸಿಯಾಗಿಯೇ ಮಾರಿದ್ದವರಿಗೆ ಆ ಸಾಲಿನಲ್ಲಿ ನಿಲ್ಲಲು ಮೂಟೆಯೇ ಇರಲಿಲ್ಲ.